ಬಾಗಿದ ಬೆನ್ನು, ಹರಿತ ಮೂತಿ: ಹಗುರ ವಿಮಾನಕ್ಕೆ ತೆಳು ರೆಕ್ಕೆ ಎಷ್ಟು ಸರಿ?

ವಿಮಾನದ ರೆಕ್ಕೆಯನ್ನು ಮುಂದಿನಿಂದ ಹಿಂದಕ್ಕೆ ಸೀಳಿದರೆ ಕಾಣುವ ಆಕೃತಿಗೆ ಏರೋಫಾಯಿಲ್ ಎಂದು ಹೆಸರು. ಅದರ ಮೂತಿಯಿಂದ ಹಿಂದಂಚಿನವರೆಗೆ ಎಳೆದ ನೇರ ಗೆರೆ ಕಾರ್ಡ್. ಮೇಲ್ಮೈಗೂ ಕೆಳಮೈಗೂ ಸರಿನಡುವೆ ಸಾಗುವ ಇನ್ನೊಂದು ಗೆರೆ ಈ ಕಾರ್ಡಿನಿಂದ ಎಷ್ಟು ಮೇಲಕ್ಕೆ ಉಬ್ಬಿದೆಯೋ ಅದು ಕ್ಯಾಂಬರ್, ಅಂದರೆ ರೆಕ್ಕೆಯ ಬಾಗು. ಬಾಗನ್ನೂ ದಪ್ಪವನ್ನೂ ಕಾರ್ಡಿನ ಶೇಕಡಾ ಲೆಕ್ಕದಲ್ಲಿ ಹೇಳುವುದು ರೂಢಿ. ಒಬ್ಬರೋ ಇಬ್ಬರೋ ಕೂರುವ ಹಗುರ ವಿಮಾನಕ್ಕೆ ರೆಕ್ಕೆ ಬರೆಯಲು ಕೂತವರು ಮೊದಲು ತೀರ್ಮಾನಿಸಬೇಕಾದದ್ದು ಈ ಎರಡು ಅಂಕಿಗಳನ್ನೇ. ಹಕ್ಕಿಯ ರೆಕ್ಕೆ ತೆಳ್ಳಗಿದೆ, ಬಾಗಿದೆ. ಮೊದಲ ವಿಮಾನಗಳ ರೆಕ್ಕೆಗಳೂ ಹಾಗೆಯೇ ಇದ್ದವು. ಇಂದು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ನಿಂತಿರುವ ವಿಮಾನಗಳ ರೆಕ್ಕೆಗಳಿಗಾದರೋ ಶೇ. 12ರಿಂದ 17ರಷ್ಟು ದಪ್ಪ. ತೆಳು ರೆಕ್ಕೆ ಸೋತದ್ದು ಎಲ್ಲಿ, ಇನ್ನೂ ಗೆಲ್ಲುತ್ತಿರುವುದು ಎಲ್ಲಿ ಎಂಬುದನ್ನು ಸಾಲಾಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಎತ್ತುವ ಕೆಲಸ ಬಾಗಿನದು. ಆ ಎತ್ತುವಿಕೆ ಎಷ್ಟು ಕೋನಗಳವರೆಗೆ ಕೈಬಿಡದೆ ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಮೂತಿ.

ಬಾಗಿಗೆ ಬೆಲೆಯಿದೆ ಎಂದು ಪ್ರಯೋಗದಿಂದ ಮೊದಲು ತೋರಿಸಿದವರಲ್ಲಿ ಇಂಗ್ಲೆಂಡಿನ ಹೊರೇಷಿಯೋ ಫಿಲಿಪ್ಸ್ ಮುಖ್ಯ. ಗಾಳಿಸುರಂಗದಲ್ಲಿ ಪರೀಕ್ಷಿಸಿದ ಬಾಗು ರೆಕ್ಕೆಗಳಿಗೆ ಅವರು 1884ರಲ್ಲಿ ಪೇಟೆಂಟ್ ಪಡೆದರು. ಜರ್ಮನಿಯ ಒಟ್ಟೊ ಲಿಲಿಯೆಂಟಾಲ್ ಕೊಕ್ಕರೆಗಳನ್ನು ಗಮನಿಸಿ, ತಿರುಗುವ ತೋಳಿಗೆ ಬಾಗು ಹಲಗೆಗಳನ್ನು ಕಟ್ಟಿ ಅಳೆದು, 1889ರಲ್ಲಿ ಹಕ್ಕಿಗಳ ಹಾರಾಟದ ಮೇಲೆ ಪುಸ್ತಕ ಪ್ರಕಟಿಸಿದರು. ಅವರು ಕಂಡುಕೊಂಡ ಸಂಗತಿ ಆಗಿನವರಿಗೆ ವಿಚಿತ್ರವಾಗಿ ತೋರಿತು: ಚಪ್ಪಟೆ ಹಲಗೆಯನ್ನು ಗಾಳಿಗೆ ನೇರವಾಗಿ ಹಿಡಿದರೆ ಅದು ಏನನ್ನೂ ಎತ್ತದು, ಬಾಗಿದ ಹಲಗೆ ಅದೇ ಸ್ಥಿತಿಯಲ್ಲೂ ಎತ್ತುತ್ತದೆ. 1896ರ ಆಗಸ್ಟ್‌ನಲ್ಲಿ ತಮ್ಮ ಗ್ಲೈಡರ್‌ ಗಾಳಿಯಲ್ಲೇ ವೇಗ ಕಳೆದುಕೊಂಡು ಬಿದ್ದು ಲಿಲಿಯೆಂಟಾಲ್ ತೀರಿಕೊಂಡರು. ಹಾಗೆ ರೆಕ್ಕೆಯ ಎತ್ತುವಿಕೆ ಕುಸಿಯುವುದನ್ನು ನಾವೀಗ ಸ್ಟಾಲ್ ಎನ್ನುತ್ತೇವೆ.

ರೈಟ್ ಸಹೋದರರು 1901ರ ಗ್ಲೈಡರ್‌ಗೆ ಲಿಲಿಯೆಂಟಾಲರ ಬಾಗನ್ನೇ, ಎಂದರೆ ಕಾರ್ಡಿನ 12ನೇ ಒಂದು ಭಾಗವನ್ನು, ಇಟ್ಟುಕೊಂಡರು. ಗ್ಲೈಡರ್ ಮೂತಿ ಎತ್ತಿ ಇಳಿಸಿ ಸತಾಯಿಸಿತು. ಸಣ್ಣ ಕೋನಗಳಲ್ಲಿ ಎತ್ತುಬಲದ ನೆಲೆ ಹಿಂದಕ್ಕೆ ಸರಿಯುತ್ತಿದೆ ಎಂದು ಅವರು ಊಹಿಸಿದರು; ಕಿಟ್ಟಿ ಹಾಕ್‌ನ ಮರಳಿನಲ್ಲಿಯೇ ರೆಕ್ಕೆಯ ಪಕ್ಕೆಲುಬುಗಳನ್ನು ಎಳೆದು ಕಟ್ಟಿ ಬಾಗನ್ನು ಇಳಿಸಿದರು; ಹತೋಟಿ ಸುಧಾರಿಸಿತು. ಆ ಚಳಿಗಾಲ ಡೇಟನ್‌ನ ಸೈಕಲ್ ಅಂಗಡಿಯಲ್ಲಿ ಮರದ ಪೆಟ್ಟಿಗೆಯ ಗಾಳಿಸುರಂಗ ಕಟ್ಟಿ ಸುಮಾರು 200 ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಎತ್ತುಬಲದ ಲೆಕ್ಕದಲ್ಲಿ ಎಲ್ಲರೂ ಬಳಸುತ್ತಿದ್ದ ಸ್ಮೀಟನ್ ಗುಣಾಂಕ 0.005 ಅಲ್ಲ, ಸುಮಾರು 0.0033 ಎಂದು ತೀರ್ಮಾನಿಸಿದ್ದೂ ಅವರೇ. 1903ರ ಅವರ ವಿಮಾನದ ಬಾಗು ಸುಮಾರು 20ಕ್ಕೊಂದು, ಎಂದರೆ ಶೇ. 5. ಮರದ ಪಕ್ಕೆಲುಬಿನ ಮೇಲೂ ಕೆಳಗೂ ಬಟ್ಟೆ ಎಳೆದ ಆ ರೆಕ್ಕೆ ಬಲು ತೆಳುವಾಗಿತ್ತು.

ಬಾಗು ಏಕೆ ಎತ್ತುತ್ತದೆ ಎಂಬುದಕ್ಕೆ ಗಣಿತ ಸಿಕ್ಕಿದ್ದು ಅದೇ ಕಾಲದಲ್ಲಿ. ಲಿಲಿಯೆಂಟಾಲರ ಫಲಿತಾಂಶಗಳಿಂದ ಪ್ರೇರಿತರಾದ ಜರ್ಮನಿಯ ಕುಟ್ಟಾ 1902ರಲ್ಲಿ ವೃತ್ತದ ಕಂಸದಂತೆ ಬಾಗಿದ ತಗಡಿನ ಸುತ್ತ ಗಾಳಿಯ ಹರಿವನ್ನು ಲೆಕ್ಕ ಹಾಕಿದರು. ರಷ್ಯಾದ ಜುಕೋವ್‌ಸ್ಕಿ 1906ರಲ್ಲಿ ಎತ್ತುಬಲಕ್ಕೂ ರೆಕ್ಕೆಯ ಸುತ್ತಲಿನ ಗಾಳಿಯ ಸುತ್ತುಹರಿವಿಗೂ ಇರುವ ನಂಟನ್ನು ಸೂತ್ರವಾಗಿ ಬರೆದರು. ಅಮೆರಿಕದ ನಾಕಾ ಸಂಸ್ಥೆಯಲ್ಲಿದ್ದ ಮ್ಯಾಕ್ಸ್ ಮಂಕ್ 1922ರಲ್ಲಿ ತೆಳು ಏರೋಫಾಯಿಲ್ ಸಿದ್ಧಾಂತ ಮಂಡಿಸಿದರು. ಇಂಗ್ಲೆಂಡಿನ ಗ್ಲೌವರ್ಟ್ 1926ರ ತಮ್ಮ ಪುಸ್ತಕದಲ್ಲಿ ಅದನ್ನು ವಿದ್ಯಾರ್ಥಿಗಳ ಕೈಗೆಟುಕುವಂತೆ ತಿದ್ದಿದರು. ಈ ಸಿದ್ಧಾಂತ ದಪ್ಪವನ್ನು ಪೂರ್ತಿ ಮರೆತುಬಿಡುತ್ತದೆ. ಇಡೀ ರೆಕ್ಕೆಯೇ ಒಂದು ಬಾಗಿದ ಗೆರೆ ಎಂದುಕೊಳ್ಳುತ್ತದೆ. ಇಷ್ಟು ದೊಡ್ಡ ಸರಳೀಕರಣ ಮಾಡಿಯೂ ಅದು ಅಳತೆಗೆ ಇಷ್ಟು ಹತ್ತಿರ ಬರುವುದು ವಾಯುಗತಿಶಾಸ್ತ್ರದ ಬಲು ಸುಂದರ ಸಂಗತಿಗಳಲ್ಲಿ ಒಂದು.

ಅದು ಹೇಳುವುದಿಷ್ಟು. ರೆಕ್ಕೆಯನ್ನು ಗಾಳಿಗೆ ಓರೆ ಮಾಡಿದ ಪ್ರತಿ ಡಿಗ್ರಿಗೂ ಎತ್ತುಬಲದ ಗುಣಾಂಕ ಸುಮಾರು 0.11ರಷ್ಟು ಏರುತ್ತದೆ, ಬಾಗು ಎಷ್ಟೇ ಇರಲಿ ಈ ಏರಿಕೆ ಒಂದೇ. (ಇದು ಕೊನೆಯಿಲ್ಲದಷ್ಟು ಉದ್ದದ ರೆಕ್ಕೆಯ ಲೆಕ್ಕ. ಉದ್ದವು ಅಗಲದ ಏಳು ಪಟ್ಟು ಇರುವ ನಿಜವಾದ ರೆಕ್ಕೆಯಲ್ಲಿ ತುದಿಗಳ ಸುಳಿಗಳಿಂದಾಗಿ ಇದು 0.085ರ ಆಸುಪಾಸಿಗೆ ಇಳಿಯುತ್ತದೆ.) ಬಾಗು ಮಾಡುವ ಕೆಲಸ ಬೇರೆ: ಎತ್ತುವಿಕೆ ಶೂನ್ಯವಾಗುವ ಕೋನವನ್ನು ಅದು ಕೆಳಗೆ ತಳ್ಳುತ್ತದೆ. ಪರವಲಯದಂತೆ ಬಾಗಿದ, ಶೇ. 4 ಬಾಗಿನ ತೆಳು ರೆಕ್ಕೆಯನ್ನು ತೆಗೆದುಕೊಳ್ಳಿ. ಅದರ ಎತ್ತುವಿಕೆ ನಿಲ್ಲುವುದು ಸೊನ್ನೆಯಲ್ಲಲ್ಲ, ಮೈನಸ್ 4.6 ಡಿಗ್ರಿಯಲ್ಲಿ. ಗಾಳಿಗೆ ಸಮನಾಗಿ ಹಿಡಿದಾಗಲೇ ಅದರ ಎತ್ತುಬಲದ ಗುಣಾಂಕ 0.5. ಹಗುರ ವಿಮಾನಗಳು ಸಾಗುವೇಗದಲ್ಲಿ ಹಾರುವಾಗ ಬೇಕಾಗುವುದು ಸಾಮಾನ್ಯವಾಗಿ 0.3ರಿಂದ 0.5. ಹಾಗಾಗಿ ಕಾಗದದ ಮೇಲೆ ಶೇ. 3, 4ರ ಬಾಗು ಹಗುರ ವಿಮಾನಕ್ಕೆಂದೇ ಅಳೆದು ಹೊಲಿದಂತಿದೆ.

ಈ ಬಾಗಿಗೆ ತೆರಬೇಕಾದ ಬೆಲೆಯನ್ನೂ ಸಿದ್ಧಾಂತವೇ ಹೇಳಿಬಿಡುತ್ತದೆ. ಬಾಗಿದ ರೆಕ್ಕೆ ಯಾವಾಗಲೂ ತನ್ನ ಮೂತಿಯನ್ನು ಕೆಳಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಶೇ. 4 ಬಾಗಿನ ನಮ್ಮ ರೆಕ್ಕೆಯಲ್ಲಿ ಈ ತಿರುಚುಬಲದ ಗುಣಾಂಕ ಸುಮಾರು ಮೈನಸ್ 0.126. ಹಾಗೆಂದರೆ ಎತ್ತುಬಲದ ನೆಲೆ ಒಂದೆಡೆ ನಿಲ್ಲುವುದಿಲ್ಲ: ನಿಧಾನ ಹಾರಾಟದಲ್ಲಿ, ಗುಣಾಂಕ 1 ಇರುವಾಗ, ಅದು ಕಾರ್ಡಿನ ಶೇ. 38ರಲ್ಲಿ, ಸಾಗುವೇಗದಲ್ಲಿ, ಗುಣಾಂಕ 0.5 ಇರುವಾಗ, ನಟ್ಟನಡುವೆ; ವೇಗವಾಗಿ ಕೆಳಕ್ಕೆ ನುಗ್ಗುವಾಗ ಗುಣಾಂಕ 0.25ಕ್ಕೆ ಇಳಿದರೆ ಶೇ. 75ರ ಹತ್ತಿರ. ಮರಳಿನ ದಿಬ್ಬದ ಮೇಲೆ ರೈಟ್ ಸಹೋದರರನ್ನು ಕಾಡಿದ್ದು ಇದೇ. ಇದನ್ನು ಸರಿದೂಗಿಸಲು ಬಾಲದ ರೆಕ್ಕೆ ಕೆಳಕ್ಕೆ ಒತ್ತಬೇಕು, ಆ ಒತ್ತಿನ ಭಾರವನ್ನು ಮುಖ್ಯ ರೆಕ್ಕೆಯೇ ಹೊರಬೇಕು. ಅದಕ್ಕಿಂತ ಗಂಭೀರವಾದದ್ದು ರೆಕ್ಕೆಯ ಚೌಕಟ್ಟಿನ ಮೇಲೆ ಬೀಳುವ ತಿರುಚು. ತೆಳು ರೆಕ್ಕೆ ತಿರುಚನ್ನು ತಡೆಯುವುದರಲ್ಲಿ ದುರ್ಬಲ. ಮೊದಲ ಮಹಾಯುದ್ಧದ ಆಲ್ಬಟ್ರೋಸ್ ಡಿ-3 ಯುದ್ಧವಿಮಾನದ ಕೆಳರೆಕ್ಕೆಗೆ ಒಂದೇ ಸ್ಪಾರ್, ಎಂದರೆ ರೆಕ್ಕೆಯ ಉದ್ದಕ್ಕೂ ಸಾಗುವ ತೊಲೆ, ಇತ್ತು. ರಭಸದಿಂದ ಕೆಳಕ್ಕೆ ಧುಮುಕುವಾಗ ಅದು ತಿರುಚಿ ಮುರಿಯುತ್ತಿತ್ತು. ಪ್ರಸಿದ್ಧ ಪೈಲಟ್ ರಿಚ್‌ಥೋಫನ್ ಅವರ ವಿಮಾನದ ಕೆಳರೆಕ್ಕೆಯೂ 1917ರ ಜನವರಿಯಲ್ಲಿ ಹಾರಾಟದ ನಡುವೆಯೇ ಬಿರುಕುಬಿಟ್ಟಿತು.

ಸಿದ್ಧಾಂತ ಮೌನವಾಗುವುದು ಮೂತಿಯ ಹತ್ತಿರ. ತೆಳು, ಬಾಗು ರೆಕ್ಕೆಗೆ ಒಂದು ಆದರ್ಶ ಕೋನವಿದೆ. ಆ ಕೋನದಲ್ಲಿ ಬರುವ ಗಾಳಿ ಸರಿಯಾಗಿ ಮೂತಿಯ ತುದಿಯಲ್ಲೇ ಇಬ್ಭಾಗವಾಗಿ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಹರಿಯುತ್ತದೆ. ಕೋನ ಸ್ವಲ್ಪ ಹೆಚ್ಚಾದರೂ ಗಾಳಿ ಸೀಳುವ ಬಿಂದು ಕೆಳಮೈಗೆ ಸರಿಯುತ್ತದೆ. ಮೇಲಕ್ಕೆ ಹೋಗಬೇಕಾದ ಗಾಳಿ ಮೂತಿಯನ್ನು ಸುತ್ತಿಕೊಂಡು, ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ತಿರುಗಿದ ಹಾಗೆ, ತಟ್ಟನೆ ತಿರುಗಬೇಕು. ಮೂತಿ ಹರಿತವಾದಷ್ಟೂ ಆ ತಿರುವಿನಲ್ಲಿ ಗಾಳಿಯ ವೇಗ ಏರಿ ಒತ್ತಡ ಪಾತಾಳಕ್ಕೆ ಇಳಿಯುತ್ತದೆ, ಮರುಕ್ಷಣವೇ ಒತ್ತಡ ಮತ್ತೆ ಏರಬೇಕಾಗುತ್ತದೆ. ರೆಕ್ಕೆಯ ಮೈಗೆ ಅಂಟಿಕೊಂಡ ನಿಧಾನಗತಿಯ ತೆಳು ಪದರಕ್ಕೆ ಆ ಏರಿಕೆಯನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಅದು ಮೈಬಿಟ್ಟು ಏಳುತ್ತದೆ.

ಹೀಗೆ ಮೈಬಿಡುವ ಬಗೆಗಳನ್ನು 1951ರಲ್ಲಿ ನಾಕಾದ ಮೆಕಲ್ಲೋ ಮತ್ತು ಗಾಲ್ಟ್ ಮೂರು ವಿಧವಾಗಿ ವಿಂಗಡಿಸಿದರು; ಇಂದಿಗೂ ಆ ವಿಂಗಡಣೆಯೇ ನಡೆದುಬಂದಿದೆ. ದಪ್ಪ ರೆಕ್ಕೆಯಲ್ಲಿ, ಸುಮಾರು ಶೇ. 15ಕ್ಕಿಂತ ಹೆಚ್ಚು ದಪ್ಪವಿದ್ದಾಗ, ಗಾಳಿ ಮೊದಲು ಹಿಂದಂಚಿನಲ್ಲಿ ಬಿಟ್ಟು ನಿಧಾನವಾಗಿ ಮುಂದಕ್ಕೆ ತೆವಳುತ್ತದೆ. ಎತ್ತುವಿಕೆ ಸದ್ದಿಲ್ಲದೆ ಚಪ್ಪಟೆಯಾಗುತ್ತದೆ, ಪೈಲಟ್‌ಗೆ ಮುನ್ಸೂಚನೆ ಸಿಗುತ್ತದೆ. ಶೇ. 9ರಿಂದ 12ರ ಆಸುಪಾಸಿನ ರೆಕ್ಕೆಗಳಲ್ಲಿ ಮೂತಿಯ ಬಳಿ ಒಂದು ಪುಟ್ಟ ಗುಳ್ಳೆಯಾಕಾರದ ಹರಿವು ಹುಟ್ಟಿ, ಒಂದು ಕೋನದಲ್ಲಿ ಒಮ್ಮೆಲೇ ಒಡೆದು, ಎತ್ತುಬಲ ಥಟ್ಟನೆ ಕುಸಿಯಬಹುದು. ಅದಕ್ಕೂ ತೆಳುವಾದರೆ ಗಾಳಿ ಮೂತಿಯಲ್ಲೇ ಬಿಟ್ಟು ಸ್ವಲ್ಪ ಹಿಂದೆ ಮತ್ತೆ ಅಂಟಿಕೊಳ್ಳುತ್ತದೆ. ಕೋನ ಏರಿದಂತೆ ಆ ನೀಳ ಗುಳ್ಳೆ ಹಿಂದಂಚಿನವರೆಗೆ ಬೆಳೆಯುತ್ತದೆ. ಈ ಮೂರನೆಯ ಬಗೆಯಲ್ಲಿ ಕುಸಿತ ಹಠಾತ್ತಲ್ಲ, ನಿಜ. ಆದರೆ ಶಿಖರವೇ ತಗ್ಗು. ಶೇ. 6 ದಪ್ಪದ, ಬಾಗಿಲ್ಲದ ರೆಕ್ಕೆಯಲ್ಲಿ ಗರಿಷ್ಠ ಎತ್ತುಗುಣಾಂಕ 0.8, 0.9ರಲ್ಲಿ ಮುಗಿದುಹೋಗುತ್ತದೆ, ಶೇ. 12 ದಪ್ಪದ, ಶೇ. 2 ಬಾಗಿನ ರೆಕ್ಕೆ 1.6ನ್ನು ದಾಟುತ್ತದೆ. ಇಳಿಯುವ ವೇಗದ ಲೆಕ್ಕದಲ್ಲಿ ಇದು ಭಾರೀ ಅಂತರ. ತೆಳು ರೆಕ್ಕೆಗೆ ಬಾಗು ಕೊಟ್ಟರೆ ಆದರ್ಶ ಕೋನದ ಎತ್ತುಗುಣಾಂಕವೇ ಮೇಲೇರುವುದರಿಂದ ಶಿಖರವೂ ಮೇಲೇರುತ್ತದೆ. ತೆಳು ರೆಕ್ಕೆಗೆ ಬಾಗು ಅನಿವಾರ್ಯವಾಗುವುದು ಈ ಕಾರಣಕ್ಕೆ. ಆದರೆ ಆ ರೆಕ್ಕೆ ಸುಖವಾಗಿರುವ ಕೋನಗಳ ವ್ಯಾಪ್ತಿ ಕಿರಿದಾಗಿಯೇ ಉಳಿಯುತ್ತದೆ; ಅತಿ ಕಡಿಮೆ ಕೋನದಲ್ಲಿ ಕೆಳಮೈಯ ಮೂತಿಯಲ್ಲೂ ಗಾಳಿ ಬಿಡುತ್ತದೆ.

ಇಷ್ಟಿದ್ದೂ ಮೊದಲ 15 ವರ್ಷಗಳ ವಿಮಾನಗಳಲ್ಲಿ ಹೆಚ್ಚಿನವು ತೆಳು ರೆಕ್ಕೆಯನ್ನೇ ನೆಚ್ಚಿದ್ದೇಕೆ? ಒಂದು ಕಾರಣ ಆಗಿನ ಗಾಳಿಸುರಂಗಗಳು. ಹಾರುವ ರೆಕ್ಕೆಗೂ ಅದರ ಪುಟ್ಟ ಮಾದರಿಗೂ ಗಾಳಿ ಒಂದೇ ರೀತಿ ವರ್ತಿಸಬೇಕಾದರೆ ರೆನಾಲ್ಡ್ಸ್ ಸಂಖ್ಯೆ ಎರಡಕ್ಕೂ ಸಮನಾಗಿರಬೇಕು. ಇದು ವೇಗ, ಕಾರ್ಡ್ ಮತ್ತು ಗಾಳಿಯ ಸಾಂದ್ರತೆಯ ಗುಣಲಬ್ಧವನ್ನು ಗಾಳಿಯ ಸ್ನಿಗ್ಧತೆಯಿಂದ ಭಾಗಿಸಿದ ಸಂಖ್ಯೆ. ಸೆಕೆಂಡಿಗೆ 50 ಮೀಟರ್ ವೇಗದ, ಒಂದೂವರೆ ಮೀಟರ್ ಕಾರ್ಡಿನ ವಿಮಾನಕ್ಕೆ ಅದು ಸುಮಾರು 50 ಲಕ್ಷ. ಆ ಕಾಲದ ಸುರಂಗದ ಗೇಣುದ್ದದ ಮಾದರಿಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಷ್ಟು ಕಡಿಮೆ ಸಂಖ್ಯೆಯಲ್ಲಿ ತೆಳು ರೆಕ್ಕೆಯೇ ಮೇಲಾಗಿ ಕಾಣುತ್ತದೆ. ಅಳತೆ ಸುಳ್ಳಲ್ಲ, ಆದರೆ ಅದು ಅಳೆದದ್ದು ಬೇರೆಯೇ ಒಂದು ಲೋಕವನ್ನು.

ಜರ್ಮನಿಯಲ್ಲಿ ಹ್ಯೂಗೊ ಯುಂಕರ್ಸ್ 1915ರಲ್ಲೇ ತಂತಿಗಳಿಲ್ಲದ ದಪ್ಪ ಲೋಹದ ರೆಕ್ಕೆಯನ್ನು ಹಾರಿಸಿದ್ದರು. ಗೋಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಪ್ರಯೋಗಶಾಲೆಯ ಹೊಸ ಸುರಂಗ 1917ರಲ್ಲಿ ದಪ್ಪ ರೆಕ್ಕೆಯ ಗುಣಗಳನ್ನು ತೋರಿಸಿತು. ಸುಮಾರು ಶೇ. 13 ದಪ್ಪದ ಗೋಟಿಂಗೆನ್ 298 ಆಕೃತಿಯ ಫೋಕರ್ ತ್ರಿರೆಕ್ಕೆ ವಿಮಾನ ಅದೇ ವರ್ಷ ಕಡಿದಾಗಿ ಮೇಲೇರಿ ಎದುರಾಳಿಗಳನ್ನು ಬೆರಗುಗೊಳಿಸಿತು. ಚೌಕಟ್ಟಿನ ಲೆಕ್ಕವೂ ದಪ್ಪದ ಪರವಾಗಿತ್ತು. ಸ್ಪಾರ್‌ನ ಎತ್ತರ ಅರ್ಧವಾದರೆ, ಮೇಲುಕೆಳಗಿನ ಪಟ್ಟಿಗಳು ಅಷ್ಟೇ ಇದ್ದಾಗ, ಬಾಗದಿರುವ ಗಟ್ಟಿತನ ಕಾಲುಭಾಗಕ್ಕೆ ಇಳಿಯುತ್ತದೆ. ತೆಳು ರೆಕ್ಕೆ ಉಳಿಯಬೇಕಾದರೆ ತಂತಿ, ಕಂಬಗಳ ಆಸರೆ ಬೇಕು. ಆ ತಂತಿಗಳ ಗಾಳಿತಡೆ ತೆಳುವಿನ ಲಾಭವನ್ನೆಲ್ಲ ನುಂಗಿಹಾಕುತ್ತದೆ.

ತೆಳು ರೆಕ್ಕೆಯ ಹಗುರ ವಿಮಾನಗಳಲ್ಲಿ ನಮಗೆ ಹತ್ತಿರದ್ದು ಟೈಗರ್ ಮಾತ್. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಈ ಎರಡಂತಸ್ತಿನ ರೆಕ್ಕೆಯ ತರಬೇತಿ ವಿಮಾನದಲ್ಲೇ ಭಾರತೀಯ ವಾಯುಪಡೆಯ ಒಂದು ಪೀಳಿಗೆ ಹಾರಲು ಕಲಿತದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ತಂಡ ರೂಪಿಸಿ 1951ರಲ್ಲಿ ಹಾರಿಸಿದ ಎಚ್‌ಟಿ-2 ಬಂದು ಅದರ ಜಾಗ ತುಂಬಿತು. ಟೈಗರ್ ಮಾತ್‌ನ ರೆಕ್ಕೆ ಆರ್‌ಎಎಫ್ 15, ಸುಮಾರು ಶೇ. 6.5 ದಪ್ಪದ ಬ್ರಿಟಿಷ್ ಆಕೃತಿ. ಅದರ ಮೇಲಿನ ರೆಕ್ಕೆಯ ಹೊರತುದಿಗಳ ಮೂತಿಯಲ್ಲಿ ತಾನಾಗಿ ತೆರೆದುಕೊಳ್ಳುವ ಸ್ಲಾಟ್ ಪಟ್ಟಿಗಳಿವೆ. ಹ್ಯಾಂಡ್ಲಿ ಪೇಜ್ ಮತ್ತು ಲಾಖ್ಮನ್ ಬೇರೆಬೇರೆಯಾಗಿ ಕಂಡುಹಿಡಿದ ಉಪಾಯ ಅದು. ಕೋನ ಹೆಚ್ಚಾದಾಗ ಮೂತಿಯ ಮೇಲಿನ ಹೀರುವ ಒತ್ತಡವೇ ಪಟ್ಟಿಯನ್ನು ಮುಂದಕ್ಕೆ ಎಳೆಯುತ್ತದೆ, ತೆರೆದ ಕಿಂಡಿಯ ಹಿಂದೆ ಗಾಳಿ ಮೈಬಿಡದೆ ಇನ್ನಷ್ಟು ಕೋನದವರೆಗೆ ಹರಿಯುತ್ತದೆ. ತೆಳು ರೆಕ್ಕೆಯ ಕಾಯಿಲೆ ಎಲ್ಲಿದೆಯೋ ಔಷಧವನ್ನೂ ಅಲ್ಲಿಯೇ ಹಚ್ಚಿದ್ದರು.

ಮುಂದಿನ ಕಥೆ ಅಮೆರಿಕದ ನಾಕಾ ಸಂಸ್ಥೆಯ ಲ್ಯಾಂಗ್ಲಿ ಪ್ರಯೋಗಶಾಲೆಯದು. ಮಂಕ್ ಅವರ ಸಲಹೆಯಂತೆ ಅಲ್ಲಿ ಗಾಳಿಯನ್ನು 20 ವಾತಾವರಣದಷ್ಟು ಒತ್ತಡಕ್ಕೆ ತುಂಬುವ ಸುರಂಗ ಕಟ್ಟಿದರು. ಗಾಳಿಯ ಸಾಂದ್ರತೆ ಏರಿದ್ದರಿಂದ ಪುಟ್ಟ ಮಾದರಿಯೂ ನಿಜವಾದ ವಿಮಾನದ ರೆನಾಲ್ಡ್ಸ್ ಸಂಖ್ಯೆಯ ಹತ್ತಿರ ಬಂತು. 1933ರ ವರದಿಯಲ್ಲಿ ಜೇಕಬ್ಸ್ ಮತ್ತು ಸಂಗಡಿಗರು 78 ಆಕೃತಿಗಳನ್ನು ಕ್ರಮವಾಗಿ ಪರೀಕ್ಷಿಸಿದ್ದರು. ಬಾಗು ಮತ್ತು ದಪ್ಪವನ್ನು ಬೇರೆಬೇರೆಯಾಗಿ ಬದಲಿಸಿ ನೋಡಿದ್ದು ಆ ಕೆಲಸದ ಹಿರಿಮೆ. ನಾಲ್ಕಂಕಿಯ ಹೆಸರು ಬಂದದ್ದೂ ಅಲ್ಲಿಂದಲೇ: 2412 ಎಂದರೆ ಶೇ. 2 ಬಾಗು, ಅದರ ಶಿಖರ ಕಾರ್ಡಿನ ಶೇ. 40ರಲ್ಲಿ, ದಪ್ಪ ಶೇ. 12. ಸೆಸ್ನಾ 172ರ ರೆಕ್ಕೆ ಇದೇ. ಅದರ ತಿರುಚುಗುಣಾಂಕ ಮೈನಸ್ 0.05ರಷ್ಟು ಮಾತ್ರ. ಅಮೆರಿಕದ ಏರೋಂಕಾ ವಿಮಾನಗಳು 4412 ಬಳಸಿದವು. ಎಚ್‌ಎಎಲ್ 1958ರಲ್ಲಿ ಹಾರಿಸಿದ, ನಮ್ಮ ಫ್ಲೈಯಿಂಗ್ ಕ್ಲಬ್ಬುಗಳ ಮನೆಮಾತಾದ ಪುಷ್ಪಕ್ ವಿಮಾನ ಏರೋಂಕಾದ ವಿನ್ಯಾಸವನ್ನೇ ಬಹುವಾಗಿ ಹೋಲುತ್ತದೆ. ಬಾಗಿನ ಶಿಖರವನ್ನು ಕಾರ್ಡಿನ ಶೇ. 15ಕ್ಕೆ ತಂದ 23012 ತಿರುಚನ್ನು ಬಹುತೇಕ ಅಳಿಸಿಹಾಕಿತು, ಎತ್ತುಬಲದ ಶಿಖರವನ್ನೂ ಏರಿಸಿತು. ಆದರೆ ಅದರ ಸ್ಟಾಲ್ ಹಠಾತ್ತಾದದ್ದು.

ಇಷ್ಟು ನೋಡಿದ ಮೇಲೆ ಗಾಳಿತಡೆಯ ಲೆಕ್ಕ ಹಾಕಬೇಕು, ಏಕೆಂದರೆ ತೆಳು ರೆಕ್ಕೆಯ ಪರವಾಗಿ ಎಲ್ಲರೂ ಮೊದಲು ಹೇಳುವುದು ಅದನ್ನೇ. ಮೇಲ್ಮೈ ಪೂರ್ತಿ ಪ್ರಕ್ಷುಬ್ಧ ಹರಿವಿನಲ್ಲಿದೆ ಎಂದುಕೊಂಡರೆ, ಹರ್ನರ್ ಅವರ ಹೆಸರಾಂತ ಸೂತ್ರದ ಪ್ರಕಾರ ಶೇ. 12 ದಪ್ಪದ ರೆಕ್ಕೆಯ ತಡೆ ಚಪ್ಪಟೆ ಹಲಗೆಯ ತಿಕ್ಕಾಟಕ್ಕಿಂತ ಸುಮಾರು ಶೇ. 25 ಹೆಚ್ಚು, ಶೇ. 6 ದಪ್ಪದ್ದು ಶೇ. 12 ಹೆಚ್ಚು. ಎರಡರ ನಡುವಿನ ಅಂತರ ಹತ್ತರಲ್ಲೊಂದು ಪಾಲು. ಇಡೀ ವಿಮಾನದ ತಡೆಯಲ್ಲಿ ರೆಕ್ಕೆಯ ಆಕೃತಿಯದ್ದು ಮೂರನೇ ಒಂದು ಎಂದು ಹಿಡಿದರೆ ಉಳಿತಾಯ ಶೇ. 3, 4. ಶಬ್ದದ ವೇಗಕ್ಕೆ ಹತ್ತಿರ ಹಾರುವ ಜೆಟ್‌ಗೆ ತೆಳುವಿನಿಂದ ಆಗುವ ದೊಡ್ಡ ಲಾಭ ಗಂಟೆಗೆ 200 ಕಿಲೋಮೀಟರಿನ ವಿಮಾನಕ್ಕೆ ಸಿಗುವುದೇ ಇಲ್ಲ. ಇಷ್ಟು ಕಿರಿದಾದ ಉಳಿತಾಯಕ್ಕಾಗಿ ಎತ್ತುಬಲದ ಶಿಖರವನ್ನೂ ಸ್ಪಾರ್‌ನ ಎತ್ತರವನ್ನೂ ರೆಕ್ಕೆಯೊಳಗಿನ ಇಂಧನದ ಜಾಗವನ್ನೂ ಬಿಟ್ಟುಕೊಡುವುದು ನನ್ನ ಮಟ್ಟಿಗೆ ಒಪ್ಪತಕ್ಕ ವ್ಯಾಪಾರವಲ್ಲ.

ಹಗುರ ವಿಮಾನದ ರೆಕ್ಕೆಯನ್ನು ಅಳೆಯಬೇಕಾದದ್ದು ಅದು ಸ್ಟಾಲ್ ಆಗುವ ರೀತಿಯಿಂದ. ಈ ವಿಮಾನಗಳನ್ನು ಹಾರಿಸುವವರು ಬಹುಪಾಲು ಕಲಿಯುವವರು, ಹವ್ಯಾಸಿಗಳು. ಇಳಿಯಲು ತಿರುಗುವಾಗ, ನೆಲ ಹತ್ತಿರವಿರುವಾಗ, ವೇಗ ತಗ್ಗಿ ಒಂದು ರೆಕ್ಕೆ ಮೊದಲು ಕೈಬಿಟ್ಟರೆ ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ಗಾಳಿತಡೆಯ ಒಂದೆರಡು ಅಂಶಕ್ಕಿಂತ ಆ ಕ್ಷಣದ ಮುನ್ಸೂಚನೆ ಎಷ್ಟೋ ಪಾಲು ದೊಡ್ಡದು. ವಿನ್ಯಾಸಕಾರರು ರೆಕ್ಕೆಯನ್ನು ತುದಿಯ ಕಡೆಗೆ ತುಸು ಕೆಳಕ್ಕೆ ತಿರುಚುವುದು ಇದಕ್ಕೇ. ಸೆಸ್ನಾ 172ರಲ್ಲಿ ಬುಡಕ್ಕೂ ತುದಿಗೂ ಮೂರು ಡಿಗ್ರಿ ವ್ಯತ್ಯಾಸವಿದೆ. ನಾಸಾ ಪರೀಕ್ಷಿಸಿ ಬೆಳೆಸಿದ, ರೆಕ್ಕೆಯ ಹೊರಭಾಗದ ಮೂತಿಯನ್ನು ಮಾತ್ರ ಕೆಳಕ್ಕೆ ಇಳಿಬಿಡುವ ಉಪಾಯವನ್ನು ಸಿರಸ್ ವಿಮಾನಗಳಲ್ಲಿ ಕಾಣಬಹುದು. 1970ರ ದಶಕದಲ್ಲಿ ವಿಟ್‌ಕಂಬ್ ಹಗುರ ವಿಮಾನಕ್ಕೆಂದೇ ರೂಪಿಸಿದ ಶೇ. 17 ದಪ್ಪದ ಜಿಎ(ಡಬ್ಲ್ಯು)-1 ಆಕೃತಿಯ ಮೂತಿ ದುಂಡಗೆ, ದೊಡ್ಡದಾಗಿದೆ. ಒಂದೊಂದೂ ಮೂತಿಗೆ ಮಾಡಿದ ಉಪಚಾರವೇ.

ಹಾಗಾದರೆ ತೆಳು ಬಾಗು ರೆಕ್ಕೆ ಮ್ಯೂಸಿಯಂಗೆ ಹೋಗಬೇಕೆ? ಇಲ್ಲ. ಅದಕ್ಕೆ ತನ್ನದೇ ಆದ ಎರಡು ಕ್ಷೇತ್ರಗಳಿವೆ. ಮೊದಲನೆಯದು ಅಲ್ಟ್ರಾಲೈಟ್. ಕ್ವಿಕ್‌ಸಿಲ್ವರ್ ಎಮ್‌ಎಕ್ಸ್‌ನಂಥ ವಿಮಾನದಲ್ಲಿ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿನ ಮೇಲೆ ಒಂದೇ ಪದರದ ಡೇಕ್ರಾನ್ ಬಟ್ಟೆ ಎಳೆದಿರುತ್ತಾರೆ. ಮುಂದಿನ ಕೊಳವೆಯ ದುಂಡನೆಯೇ ಮೂತಿ. ತೂಕ ಕಡಿಮೆ, ಕಟ್ಟುವುದು ಸುಲಭ, ಮುದುರಿ ಗಾಡಿಗೆ ಹೇರಬಹುದು. ವೇಗ ಕಡಿಮೆ ಇರುವುದರಿಂದ ರೆಕ್ಕೆ ಹೆಚ್ಚು ಹೊತ್ತು ದೊಡ್ಡ ಎತ್ತುಗುಣಾಂಕದಲ್ಲೇ, ಎಂದರೆ ತನ್ನ ಆದರ್ಶ ಕೋನದ ಹತ್ತಿರವೇ ಹಾರುತ್ತದೆ. ಕೋನಗಳ ವ್ಯಾಪ್ತಿ ಕಿರಿದೆಂಬ ದೋಷ ಅಷ್ಟಾಗಿ ಕಾಡುವುದಿಲ್ಲ. ವೇಗವಾಗಿ ಹಾರಬೇಕೆಂದಾಗ ಕೆಳಮೈಯಲ್ಲಿ ಗಾಳಿ ಬಿಟ್ಟು ತಡೆ ಏರುತ್ತದೆ. ಹಾಗಾಗಿಯೇ ಅದೇ ವಿಮಾನದ ಎಮ್‌ಎಕ್ಸ್‌ಎಲ್ ಮಾದರಿಗೆ ಕೆಳಗೂ ಬಟ್ಟೆ ಹೊದಿಸಿದರು.

ಎರಡನೆಯದು ಪುಟ್ಟ ರೆಕ್ಕೆಗಳ ಲೋಕ. ಜರ್ಮನಿಯ ಎಫ್. ಡಬ್ಲ್ಯು. ಶ್ಮಿಟ್ಸ್ ಮಾದರಿ ವಿಮಾನಗಳಿಗಾಗಿ ಚಪ್ಪಟೆ ಹಲಗೆ, ಬಾಗಿದ ತಗಡು, ಎನ್-60 ಎಂಬ ದಪ್ಪ ಆಕೃತಿ ಮೂರನ್ನೂ ಕಡಿಮೆ ರೆನಾಲ್ಡ್ಸ್ ಸಂಖ್ಯೆಗಳಲ್ಲಿ ಹೋಲಿಸಿದರು. ಒಂದು ಲಕ್ಷಕ್ಕಿಂತ ಸಾಕಷ್ಟು ಕೆಳಗೆ ದಪ್ಪ ಆಕೃತಿ ಕುಸಿದುಬಿತ್ತು, ಬಾಗಿದ ತಗಡು ಗೆದ್ದಿತು. ಅಲ್ಲಿ ಗಾಳಿಯ ಪದರ ಬಲು ಸಾವಧಾನವಾಗಿ, ಪದರಪದರವಾಗಿ ಹರಿಯುತ್ತದೆ. ದುಂಡು ಬೆನ್ನಿನ ಮೇಲೆ ಒಮ್ಮೆ ಮೈಬಿಟ್ಟರೆ ಮತ್ತೆ ಅಂಟುವುದಿಲ್ಲ. ತಗಡಿನ ಹರಿತ ಮೂತಿ ಆ ಪದರವನ್ನು ಆರಂಭದಲ್ಲೇ ಕಲಕಿ ಪ್ರಕ್ಷುಬ್ಧಗೊಳಿಸುತ್ತದೆ. ಕಲಕಿದ ಪದರಕ್ಕೆ ಮತ್ತೆ ಮೈಗೆ ಅಂಟುವ ಬಲವಿರುತ್ತದೆ. ದೊಡ್ಡ ರೆಕ್ಕೆಯಲ್ಲಿ ಶಾಪವಾಗಿದ್ದ ಮೂತಿ ಇಲ್ಲಿ ವರ. ಸ್ಪರ್ಧೆಗಳ ಗ್ಲೈಡರ್ ಮಾದರಿಗಳಲ್ಲಿ ಹಂಗೇರಿಯ ಬೆನೆಡೆಕ್ ರೂಪಿಸಿದ, ಶೇ. 6 ದಪ್ಪ ಮತ್ತು ಶೇ. 6 ಬಾಗಿನ ಆಕೃತಿಗಳು ದಶಕಗಳ ಕಾಲ ಮೆರೆದದ್ದು ಈ ಕಾರಣದಿಂದಲೇ.

ದಪ್ಪ ರೆಕ್ಕೆಯ ಲೋಕಕ್ಕೂ ತೆಳು ರೆಕ್ಕೆಯ ಲೋಕಕ್ಕೂ ನಡುವಿನ ಗಡಿ ಚಲಿಸುವಂಥದ್ದು. ಎಂಐಟಿಯ ಮಾರ್ಕ್ ಡ್ರೆಲಾ 1980ರ ದಶಕದಲ್ಲಿ ಬರೆದ ಎಕ್ಸ್‌ಫಾಯಿಲ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಮೂತಿಯ ಗುಳ್ಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1988ರ ಏಪ್ರಿಲ್‌ನಲ್ಲಿ ಮನುಷ್ಯನೊಬ್ಬನ ಕಾಲಬಲದಿಂದಲೇ ಕ್ರೀಟ್ ದ್ವೀಪದಿಂದ ಸ್ಯಾಂಟೊರಿನಿಗೆ ಸುಮಾರು 115 ಕಿಲೋಮೀಟರ್ ಹಾರಿದ ಡೀಡಲಸ್ ವಿಮಾನಕ್ಕೆ ಡ್ರೆಲಾ ರೂಪಿಸಿದ ಆಕೃತಿ ತೆಳುವಾದದ್ದಲ್ಲ, ದಪ್ಪವಾದದ್ದೇ. ಗುಳ್ಳೆ ಎಲ್ಲಿ ಹುಟ್ಟಿ ಎಲ್ಲಿ ಮುಚ್ಚಬೇಕು ಎಂದು ಮೇಲ್ಮೈಯ ಒತ್ತಡವನ್ನು ಇಂಚಿಂಚೂ ತಿದ್ದಿದ್ದರಿಂದ ಐದು ಲಕ್ಷದ ಆಸುಪಾಸಿನ ಸಂಖ್ಯೆಯಲ್ಲೂ ದಪ್ಪ ರೆಕ್ಕೆ ಕೈಬಿಡಲಿಲ್ಲ. ಇಂದು ಇದೇ ಪ್ರೋಗ್ರಾಮನ್ನು ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪಿನಲ್ಲಿ ಓಡಿಸಬಹುದು. ಆದರೆ ಸ್ಟಾಲ್ ಹತ್ತಿರ ಬಂದಂತೆ ಅದು ಕೊಡುವ ಗರಿಷ್ಠ ಎತ್ತುಬಲ ಸಾಮಾನ್ಯವಾಗಿ ಅಳತೆಗಿಂತ ಹೆಚ್ಚೇ ಇರುತ್ತದೆ. ಹರಿತ ಮೂತಿಯ ತೆಳು ರೆಕ್ಕೆಯಲ್ಲಿ ನೀಳ ಗುಳ್ಳೆ ಬೆಳೆದ ಮೇಲೆ ಅದರ ಮಾತನ್ನು ನೆಚ್ಚಿ ಮನುಷ್ಯರನ್ನು ಕೂರಿಸುವ ವಿಮಾನ ಕಟ್ಟಬಾರದು. ಕಟ್ಟುವವರು ತಮ್ಮ ವೇಗಕ್ಕೂ ಕಾರ್ಡಿಗೂ ಹೊಂದುವ ರೆನಾಲ್ಡ್ಸ್ ಸಂಖ್ಯೆಯಲ್ಲಿ, ನುಣುಪು ಮೈಯಲ್ಲೂ ಒರಟು ಮೈಯಲ್ಲೂ ಸುರಂಗದಲ್ಲಿ ಅಳೆದ ನಕ್ಷೆಯನ್ನು ನೋಡಬೇಕು. ಮಳೆಹನಿ, ಹುಳು, ಧೂಳು ಮೊದಲು ಬಂದು ಕೂರುವುದು ಮೂತಿಯ ಮೇಲೆ.

ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಬ್ಲ್ಯಾಕ್ ಕೈಟ್‌ನಂಥ ಪುಟಾಣಿ ಚಾಲಕರಹಿತ ವಿಮಾನಗಳ ರೆಕ್ಕೆಯ ಹರವು ಸುಮಾರು 300 ಮಿಲಿಮೀಟರ್. ಆ ಗಾತ್ರಕ್ಕೆ ಇಳಿದರೆ ರೆನಾಲ್ಡ್ಸ್ ಸಂಖ್ಯೆ ಒಂದೆರಡು ಲಕ್ಷ ಅಥವಾ ಅದಕ್ಕೂ ಕಡಿಮೆ. ಇಂಧನ ಟ್ಯಾಂಕು ಬೇಡ, ಆಳವಾದ ಸ್ಪಾರ್ ಬೇಡ, ಕಾರ್ಬನ್ ನಾರಿನ ತೆಳು ಹಾಳೆಯೇ ತಿರುಚನ್ನು ತಡೆಯಬಲ್ಲದು. ತೆಳು ಬಾಗು ರೆಕ್ಕೆಯ ವಿರುದ್ಧ ನೂರು ವರ್ಷಗಳಲ್ಲಿ ಎದ್ದ ಆಕ್ಷೇಪಗಳಲ್ಲಿ ಹೆಚ್ಚಿನವು ಅಲ್ಲಿ ಅನ್ವಯಿಸುವುದೇ ಇಲ್ಲ. ಉಳಿಯುವುದು ಮೂತಿ ಕೆಳಕ್ಕೆ ತಿರುಗುವ ಹಳೆಯ ಸಮಸ್ಯೆ. ಬಾಲವಿಲ್ಲದ ಪುಟ್ಟ ವಿಮಾನಗಳಲ್ಲಿ ಹಿಂದಂಚನ್ನು ತುಸು ಮೇಲಕ್ಕೆ ಮಡಚಿ, ಎತ್ತುಬಲದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಅದನ್ನು ಪರಿಹರಿಸುತ್ತಾರೆ.